ಎಫ್‌ಎಎಸ್‌ಡಿ ತಪಾಸಣೆ: ಮಗುವಿನ ಜೊತೆ ಏನೇನು ಒಯ್ಯಬೇಕು?

ಗರ್ಭಿಣಿ ಕುಡಿದ ಮದ್ಯ ಹೊಟ್ಟೆಯಲ್ಲಿರುವ ಮಗುವಿನ ರಕ್ತಕ್ಕೂ ಸೇರುತ್ತದೆ. ಬೆಳೆಯುವ ಮಿದುಳಿಗೆ ಅದರಿಂದ ಆಗುವ ತೊಂದರೆಗಳಿಗೆಲ್ಲ ಸೇರಿ ಫೀಟಲ್ ಆಲ್ಕೊಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್, ಅಂದರೆ ಎಫ್‌ಎಎಸ್‌ಡಿ, ಎನ್ನುತ್ತಾರೆ. ಇದನ್ನು ಖಚಿತವಾಗಿ ಹೇಳುವ ಒಂದು ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಹಾಗಾಗಿ ಮನೆಯವರು ತರುವ ಮಾಹಿತಿಗೆ ಬೆಲೆ ಜಾಸ್ತಿ. ಇಲ್ಲಿ ಹೇಳಿರುವುದು ಕೆನಡಾದ 2015ರ ಮಾರ್ಗಸೂಚಿಯ ಕ್ರಮ. ಸ್ಕಾಟ್ಲೆಂಡ್ ಕೂಡ 2019ರಲ್ಲಿ ಇದನ್ನೇ ಆಧಾರವಾಗಿ ತೆಗೆದುಕೊಂಡಿತು.

ಮುಖ

ನೋಡುವುದು ಮೂರು ಲಕ್ಷಣ: ಕಣ್ಣಿನ ಸೀಳಿನ ಉದ್ದ ಕಡಿಮೆ, ಮೂಗು ಮತ್ತು ತುಟಿಯ ನಡುವಿನ ತಗ್ಗು ನುಣುಪು, ಮೇಲ್ತುಟಿ ತೆಳು. ನಕ್ಕರೆ ತುಟಿ ತೆಳುವಾಗುತ್ತದೆ, ಅಳತೆ ಕೆಡುತ್ತದೆ. ಆದ್ದರಿಂದ ಹಳೆಯ ಫೋಟೊ ಒಯ್ಯುವುದಾದರೆ ಮಗು ನಗದೆ, ಬಾಯಿ ಮುಚ್ಚಿ ನೇರ ನೋಡುತ್ತಿರುವುದನ್ನು ಆರಿಸಿ. ಎಫ್‌ಎಎಸ್‌ಡಿ ಇರುವ ಹೆಚ್ಚಿನ ಮಕ್ಕಳಲ್ಲಿ ಈ ಮೂರೂ ಇರುವುದಿಲ್ಲ. 'ಮುಖ ಸರಿಯಾಗೇ ಇದೆಯಲ್ಲ' ಎಂದು ಸುಮ್ನೆ ಕೂರಬೇಡಿ.

ಮದ್ಯದ ಮಾಹಿತಿ

ಮೂರೂ ಲಕ್ಷಣ ಇದ್ದರೆ ತಾಯಿ ಕುಡಿದದ್ದು ಖಚಿತವಾಗದಿದ್ದರೂ ರೋಗನಿರ್ಣಯ ಸಾಧ್ಯ. ಇಲ್ಲದಿದ್ದರೆ ಖಚಿತವಾಗಲೇಬೇಕು. ತಾಯಿಯ ಮಾತು, ಕಣ್ಣಾರೆ ಕಂಡ ನಂಬಿಕಸ್ಥರ ಮಾತು, ಆಸ್ಪತ್ರೆಯ ದಾಖಲೆ ನಡೆಯುತ್ತದೆ. ಯಾರೋ ಹೇಳಿದ ಗಾಳಿಮಾತು, 'ಮೊದಲ ಬಸಿರಿನಲ್ಲಿ ಕುಡಿದಿದ್ದಳು' ಎಂಬುದು, ಇವಷ್ಟೇ ಇದ್ದರೆ ಸಾಲದು. ದತ್ತು ಮಗುವಾದರೆ ಹೆರಿಗೆಯ ದಾಖಲೆಗಳನ್ನು ಮುಂಚೆಯೇ ಕೇಳಿಡಿ.

ತಾಯಿಯನ್ನು ಕೇಳುವ ರೀತಿಯೂ ಮುಖ್ಯ. 'ಕುಡೀತಿದ್ರಾ?' ಎಂದು ನೇರ ಕೇಳಿದರೆ ಬಾಯಿ ಮುಚ್ಚಿಹೋಗುತ್ತದೆ. 'ಬಸಿರು ಅಂತ ಗೊತ್ತಾಗಿದ್ದು ಯಾವಾಗ? ಅದಕ್ಕೆ ಮುಂಚೆ ಹೇಗಿತ್ತು?' ಎಂದು ಕೇಳಿ. ಗೊತ್ತಾಗುವ ಮುಂಚೆ ಕುಡಿದವರೇ ಅನೇಕರು.

ಮಿದುಳಿನ ಕೆಲಸ

ನನ್ನ ಪ್ರಕಾರ ಮನೆಯವರ ತಯಾರಿ ಹೆಚ್ಚು ಬೇಕಾಗುವುದು ಇಲ್ಲೇ. ಭಾಷೆ, ನೆನಪು, ಗಮನ, ಭಾವನೆಗಳ ಹತೋಟಿ, ದಿನನಿತ್ಯದ ಬದುಕು ಹೀಗೆ 10 ಕ್ಷೇತ್ರಗಳನ್ನು ನೋಡುತ್ತಾರೆ. ಕನಿಷ್ಠ 3ರಲ್ಲಿ ತೀವ್ರ ಕೊರತೆ ಇರಬೇಕು. ತೊಡಕು ಏನೆಂದರೆ, ಪರೀಕ್ಷೆಯ ಕೋಣೆಯಲ್ಲಿ ಗಲಾಟೆ ಇಲ್ಲ, ಎದುರಿಗೆ ಒಬ್ಬರೇ, ಒಂದು ಸಲಕ್ಕೆ ಒಂದೇ ಕೆಲಸ. ಅಲ್ಲಿ ಮಗು ಚೆನ್ನಾಗಿಯೇ ಮಾಡಬಹುದು. ಬುದ್ಧಿಮಟ್ಟದ ಅಂಕ ಸರಿಯಿದ್ದು ಬದುಕು ಮಾತ್ರ ನಡೆಯದ ಮಕ್ಕಳು ಬೇಕಾದಷ್ಟಿದ್ದಾರೆ.

ಅದಕ್ಕೇ ಘಟನೆಗಳನ್ನು ಬರೆದಿಡಿ. 'ತುಂಬಾ ಮರೆವು' ಎಂದು ಬರೆದರೆ ಪ್ರಯೋಜನವಿಲ್ಲ. 'ವಯಸ್ಸು 9. ಮಗ್ಗಿ ಹೇಳುತ್ತಾನೆ. ಆದರೆ ಊಟದ ಡಬ್ಬಿಯನ್ನು ಬ್ಯಾಗಿಗೆ ಹಾಕು ಎಂದು ಪ್ರತಿ ಬೆಳಗ್ಗೆ ಎರಡು ಸಲ ಹೇಳಬೇಕು' ಎಂದು ಬರೆಯಿರಿ. ನೀವು ಎಷ್ಟು ಸಹಾಯ ಮಾಡುತ್ತೀರಿ ಎಂಬುದನ್ನು ಬಿಡಬೇಡಿ. ಅಭ್ಯಾಸವಾಗಿ ನಮಗೇ ಅದು ಕಾಣುವುದಿಲ್ಲ, ಅಲ್ವಾ? ಶಿಕ್ಷಕರ ಪ್ರಶ್ನಾವಳಿಯನ್ನು ಅವರೇ ತುಂಬಲಿ. ಮನೆಗೂ ಶಾಲೆಗೂ ಉತ್ತರ ಬೇರೆಯಾದರೆ ಅದೂ ತಪಾಸಣೆ ಮಾಡುವ ತಂಡಕ್ಕೆ ಬೇಕಾದ ಸಂಗತಿಯೇ.

ಟೊರಾಂಟೊದಂಥ ಊರಿನಲ್ಲಿರುವ ಕನ್ನಡದ ಮನೆಗಳಿಗೆ ಒಂದು ಮಾತು: ಮಗು ಮನೆಯಲ್ಲಿ ಕನ್ನಡ ಆಡುವುದನ್ನು ಮೊದಲೇ ತಿಳಿಸಿ. ಇಂಗ್ಲಿಷ್ ಮಾತ್ರ ಆಡುವ ಮಕ್ಕಳಿಗೆಂದು ಮಾಡಿದ ಪರೀಕ್ಷೆಯಲ್ಲಿ ಭಾಷೆಯ ಅಂಕ ಸುಳ್ಳೇ ಕಡಿಮೆ ಬರಬಹುದು.

ಕಿವಿ, ಕಣ್ಣಿನ ಪರೀಕ್ಷೆಯ ವರದಿ ಒಯ್ಯಿರಿ. ಜೀನ್ ಪರೀಕ್ಷೆ ಆಗಿದ್ದರೆ ಅದನ್ನೂ. ಇದೇ ತರ ಕಾಣುವ ಆನುವಂಶಿಕ ಕಾಯಿಲೆಗಳಿವೆ. ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ) ಮಾತ್ರೆ ನಡೆಯುತ್ತಿದ್ದರೆ ಆ ದಿನ ಕೊಡಬೇಕೇ ಎಂದು ಮುಂಚೆ ಕೇಳಿ.

ಮಗು ತುಂಬಾ ಚಿಕ್ಕದಿದ್ದರೆ ಎಲ್ಲ ಪರೀಕ್ಷೆ ಮಾಡಲಾಗುವುದಿಲ್ಲ. ಆಗ 'ಎಫ್‌ಎಎಸ್‌ಡಿ ಅಪಾಯದ ಸಾಧ್ಯತೆ ಇದೆ' ಎಂದಷ್ಟೇ ವೈದ್ಯರು ಬರೆಯಬಹುದು. ಮತ್ತೆ ಯಾವಾಗ ಬರಬೇಕು, ಅಲ್ಲಿಯವರೆಗೆ ಶಾಲೆ ಏನು ಮಾಡಬೇಕು, ಎರಡನ್ನೂ ಬರಹದಲ್ಲಿ ಪಡೆಯಿರಿ.