ಶಂಖಪುಷ್ಪವೇ ಬೇರೆ, ಶಂಖಪುಷ್ಪಿಯೇ ಬೇರೆ

ಫೆಬ್ರವರಿ ಬಂತೆಂದರೆ ರಾಯಚೂರಿನ ನನ್ನ ಕ್ಲಿನಿಕ್ಕಿಗೆ ಎಸ್ಸೆಸ್ಸೆಲ್ಸಿ ಮಕ್ಕಳ ಅಪ್ಪ-ಅಮ್ಮ ಬರಲು ಶುರು. "ಶಂಖಪುಷ್ಪ ಕುಡಿಸಿದ್ರ ನೆನಪಿನ ಶಕ್ತಿ ಬರ್ತೈತಂತಲ್ರೀ, ದಿನಾ ಎಷ್ಟ್ ಹೂವು ಹಾಕ್ಬೇಕ್ರೀ?"

ಯಾವ ಶಂಖಪುಷ್ಪ ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಕಂಪೌಂಡಿಗೆ ಹಬ್ಬಿಸಿ, ಪೂಜೆಗೆ ಕೊಯ್ಯುತ್ತೀರಲ್ಲ, ಆ ನೀಲಿ ಹೂವಿನ ಬಳ್ಳಿ ಶಂಖಪುಷ್ಪ. ಗಿರಿಕರ್ಣಿಕೆ ಅಂತಲೂ ಹೆಸರಿದೆ. ನೆನಪಿನ ಶಕ್ತಿಯ ಸಿರಪ್ಪಿನಲ್ಲಿರುವ ಶಂಖಪುಷ್ಪಿ ಸಾಮಾನ್ಯವಾಗಿ ಕಾನ್‌ವಾಲ್ವುಲಸ್ ಎಂಬ ಗಿಡ. ಅದು ಮೇಲೆ ಹತ್ತುವುದಿಲ್ಲ, ನೆಲಕ್ಕೆ ಹರಡುತ್ತದೆ. ಹೂವು ಬಿಳಿ, ಇಲ್ಲವೇ ತಿಳಿ ಗುಲಾಬಿ. ಇದು ಸಾಲದೆಂದು ವಿಷ್ಣುಕ್ರಾಂತಿ ಎಂಬ ಇನ್ನೊಂದು ಗಿಡವನ್ನೂ ಅದೇ ಹೆಸರಲ್ಲಿ ಮಾರುವವರಿದ್ದಾರೆ. ಇನ್ನು ಕೇರಳದ ವೈದ್ಯರು ನಮ್ಮ ನೀಲಿ ಬಳ್ಳಿಯನ್ನೇ ಶಂಖಪುಷ್ಪಿ ಅಂತ ಬಳಸುತ್ತಾರೆ. ಅವರದ್ದು ತಪ್ಪು ಅಂತ ನಾನು ಹೇಳಲಾರೆ. ಆದರೆ ಅವರು ರೋಗಿಯನ್ನು ನೋಡಿ, ಅಳತೆ ಹಾಕಿ ಕೊಡುತ್ತಾರೆ. ನೀವು ವಾಟ್ಸಾಪ್ ನೋಡಿ ಕುದಿಸುತ್ತೀರಿ.

ಬಳ್ಳಿ ಬೆಳೆಸಬೇಡಿ ಅಂತಲ್ಲ. ನಮ್ಮ ಎರೆ ಭೂಮಿಗೆ, ಬಿಸಿಲಿಗೆ ಚೆನ್ನಾಗಿ ಒಗ್ಗುತ್ತದೆ. ಬೀಜದ ಸಿಪ್ಪೆ ಗಟ್ಟಿ, ಹಾಗಾಗಿ ರಾತ್ರಿ ನೆನೆಸಿಟ್ಟು ಹಾಕಿ. ದ್ವಿದಳ ಜಾತಿ, ಬೇರಿನ ಗಂಟುಗಳು ಮಣ್ಣಿಗೆ ಸಾರಜನಕ ಕೊಡುತ್ತವೆ. ಆಸ್ಟ್ರೇಲಿಯಾದಲ್ಲಿ ಇದನ್ನು ದನದ ಮೇವಿಗೇ ಬೆಳೆಯುತ್ತಾರೆ. ನಮ್ಮನೆ ಬಳ್ಳಿಯಲ್ಲೂ ಅರ್ಧ ಪಾಲು ಪಕ್ಕದ ಮನೆ ಮೇಕೆಯದ್ದು.

ನಾಲ್ಕೈದು ಹೂವನ್ನು ಬಿಸಿ ನೀರಿಗೆ ಹಾಕಿ, ನಿಂಬೆ ಹಿಂಡಿದರೆ ನೀಲಿ ನೀರು ನೇರಳೆ ಆಗುತ್ತದೆ. ಮಕ್ಕಳಿಗೆ ಖುಷಿ. ಅಪರೂಪಕ್ಕೆ ಕುಡಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಗರ್ಭಿಣಿಯರು ಬಿಡುವುದು ಒಳ್ಳೆಯದು. ಇದನ್ನು ನಂಬಿ ಶುಗರ್ ಮಾತ್ರೆ ಮಾತ್ರ ನಿಲ್ಲಿಸಬೇಡಿ, ಕೈ ಮುಗಿಯುತ್ತೇನೆ.

ಬೇರು, ಬೀಜದ ತಂಟೆಗಂತೂ ಹೋಗಲೇಬೇಡಿ. ಎರಡೂ ಭೇದಿ ಮಾಡಿಸುತ್ತವೆ. ಕೆಲ ವರ್ಷದ ಹಿಂದೆ ಸಿಂಧನೂರು ಕಡೆಯವರೊಬ್ಬರು ಮಗನಿಗೆ ಬೇರಿನ ಕಷಾಯ ಕುಡಿಸಿದ್ದರು. ಯಾಕೆ ಅಂದರೆ, "ಹೂವಿಗಿಂತ ಬೇರಿನ್ಯಾಗ ಪವರ್ ಜಾಸ್ತಿ ಅಲ್ರೀ?" ಗಣಿತ ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಹುಡುಗ ಪಾಯಖಾನೆಯಲ್ಲೇ. ಬೆಳಗ್ಗೆ ಓಆರ್‌ಎಸ್ ಕುಡಿಸಿ ಪರೀಕ್ಷೆಗೆ ಕಳಿಸಿದೆವು. ಪಾಪ, ಪಾಸಾದ.

ರಿಸಲ್ಟ್ ದಿನ ಅವರಪ್ಪ ಪೇಡೆ ತಂದರು. "ನೀವು ಸುಮ್ನೆ ಬೈದ್ರಿ ಡಾಕ್ಟ್ರೇ, ಬೇರು ಕೆಲಸ ಮಾಡೇತಿ ನೋಡ್ರೀ" ಅಂದರು.