ಬೆಂಚಿನ ಮೇಲೆ ಕೂತಿದ್ದ ಆರು ಜನ

ಬೈದವನು ಒಬ್ಬ, ಬೈಸಿಕೊಂಡವನು ಒಬ್ಬ, ಚಹಾ ಅಂಗಡಿಯ ಬೆಂಚಿನ ಮೇಲೆ ಕೂತಿದ್ದವರು ಆರು ಜನ. ಠಾಣೆಗೆ ಹೋಗುವ ದೂರಿನಲ್ಲಿ ಮೊದಲ ಇಬ್ಬರ ಹೆಸರು ತಂದೆಯ ಹೆಸರಿನ ಸಮೇತ ಇರುತ್ತದೆ. ಉಳಿದ ಆರು ಜನ ‘ಹಾಗೂ ಇತರರು’ ಆಗಿಬಿಡುತ್ತಾರೆ. ವಿಚಾರಣೆ ಶುರುವಾಗುವ ಹೊತ್ತಿಗೆ ಆ ಇತರರು ಸಿಗುವುದಿಲ್ಲ, ಸಿಕ್ಕವರಿಗೆ ಏನೂ ನೆನಪಿರುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಊರುಗಳಲ್ಲಿ ಜಾತಿಯ, ಬಣ್ಣದ, ಹುಟ್ಟಿದ ಸೀಮೆಯ ಹೆಸರಿನಲ್ಲಿ ನಡೆಯುವ ಅವಮಾನಕ್ಕೆ ಶಿಕ್ಷೆ ಆಗದೆ ಹೋದಾಗ ಜನ ಕಾನೂನನ್ನು ದೂರುತ್ತಾರೆ. ಕಾನೂನಿನಲ್ಲಿ ತೂತುಗಳಿವೆ, ಸುಳ್ಳಲ್ಲ. ಆದರೆ ಅದಕ್ಕೂ ಮೊದಲು ನೋಡಬೇಕಾದದ್ದು ಈ ಬೆಂಚನ್ನು.

1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ, ಅಂದರೆ ನಾವು ಆಡುಮಾತಿನಲ್ಲಿ ಅಟ್ರಾಸಿಟಿ ಎನ್ನುವ ಕಾಯ್ದೆಯ ಕಲಂ 3(1)(ಆರ್) ಅವಮಾನದ ಬಗ್ಗೆ, 3(1)(ಎಸ್) ಜಾತಿ ಹೆಸರು ಹಿಡಿದು ಬೈಯುವುದರ ಬಗ್ಗೆ ಹೇಳುತ್ತವೆ. ಶಿಕ್ಷೆ 6 ತಿಂಗಳಿಂದ 5 ವರ್ಷ, ಜೊತೆಗೆ ದಂಡ. ಎರಡಕ್ಕೂ ಒಂದು ಷರತ್ತಿದೆ: ಮಾತು ಆಡಿದ್ದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು. ಖಾಸಗಿ ಮನೆಯ ಅಂಗಳವೂ ರಸ್ತೆಗೆ ಕಾಣುವಂತಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯ ನಡುವಿನ ಮಾತು ಈ ಕಲಮಿಗೆ ಬರುವುದಿಲ್ಲ ಎಂದು 2020ರಲ್ಲಿ ಹೇಳಿತು. ಬೈದವನ ನೆಂಟರು, ಸ್ನೇಹಿತರಷ್ಟೇ ಇದ್ದರೆ ಅದು ‘ಸಾರ್ವಜನಿಕ’ ಆಗುವುದಿಲ್ಲ. ಜಗುಲಿಯಲ್ಲಿ ಮನೆಯವರೇ ಕೂತಿದ್ದಾಗ ಆಡಿದ ಮಾತು ಈ ಕಲಮಿನಡಿ ನಿಲ್ಲುವುದು ಕಷ್ಟ. ಅಡಿಕೆ ಅಂಗಳದಲ್ಲಿ ಸುಲಿಯುವ ಆಳುಗಳು, ಹಾಲು ತಂದವರು, ದಾರಿಹೋಕರು ಇದ್ದಾಗ ಆಡಿದ ಅದೇ ಮಾತು ಅಪರಾಧ.

ಹಾಗಾಗಿ ಬೆಂಚಿನ ಮೇಲಿದ್ದವರು ಬರೀ ನೋಡಿದವರಲ್ಲ, ಅಪರಾಧದ ಒಂದು ಅಂಗವೇ ಅವರು. ‘ನಮಗ್ಯಾಕೆ ಊರ ಉಸಾಬರಿ’ ಎಂದು ಎದ್ದುಹೋದರೆ ಪುರಾವೆ ಕಡಿಮೆಯಾಗುವುದಷ್ಟೇ ಅಲ್ಲ, ಕೆಲವೊಮ್ಮೆ ಅಪರಾಧವೇ ಇಲ್ಲವಾಗುತ್ತದೆ.

ಬೈಸಿಕೊಂಡವರು ಯಾರು ಎಂಬುದರ ಮೇಲೆ ಅನ್ವಯವಾಗುವ ಕಾನೂನು ಬದಲಾಗುತ್ತದೆ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಘಟ್ಟದ ಮೇಲಿನ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಯರು ಆಫ್ರಿಕಾ ಮೂಲದವರು, ಮನೆಮಾತಿನಷ್ಟೇ ಸಹಜವಾಗಿ ಕನ್ನಡ ಆಡುವವರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಕೂದಲು, ಬಣ್ಣ ಹಿಡಿದು ಹೀಯಾಳಿಸಿದರೆ ಅಟ್ರಾಸಿಟಿ ಕಾಯ್ದೆಯ ಬಲ ಸಿಗುತ್ತದೆ. ಅಡಿಕೆ ಕೊನೆ ಕೊಯ್ಲಿಗೆ, ಕಾಫಿ ತೋಟದ ಲೈನ್ ಮನೆಗೆ ಬಂದ, ಪರಿಶಿಷ್ಟ ಪಟ್ಟಿಯಲ್ಲಿಲ್ಲದ ಅಸ್ಸಾಮಿನ ಕಾರ್ಮಿಕನ ಮುಖ ನೋಡಿ ‘ಚೈನೀಸ್’, ‘ಬಾಂಗ್ಲಾ’ ಎಂದರೆ ಆ ಬಲ ಇಲ್ಲ. ಅಲ್ಲಿ ಉಳಿಯುವುದು ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 352, ಬೇಕೆಂದೇ ಕೆರಳಿಸುವ ಅವಮಾನ. ಅದು ಅಸಂಜ್ಞೇಯ, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. 2014ರಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ದೆಹಲಿಯಲ್ಲಿ ಹೊಡೆತ ತಿಂದು ಸತ್ತ ಮೇಲೆ ಕೂತ ಬೆಜ್‌ಬರುವಾ ಸಮಿತಿ ಜನಾಂಗೀಯ ನಿಂದನೆಗೇ ಬೇರೆ ಕಲಂ ಬೇಕು ಎಂದಿತ್ತು. ಹೊಸ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂತು, ಆ ಕಲಂ ಬರಲಿಲ್ಲ. ಐದು ಅಥವಾ ಹೆಚ್ಚು ಜನ ಗುಂಪುಗೂಡಿ ಜನಾಂಗ, ಜಾತಿ, ಹುಟ್ಟಿದ ಸ್ಥಳ, ಭಾಷೆಯ ಕಾರಣಕ್ಕೆ ಕೊಂದರೆ 103(2), ತೀವ್ರ ಗಾಯ ಮಾಡಿದರೆ 117(4) ಇದೆ. ಅಂದರೆ ಪೆಟ್ಟು ಜೋರಾಗಿ ಬಿದ್ದ ಮೇಲೆ ಕಾನೂನಿಗೆ ಜನಾಂಗ ಎಂಬ ಶಬ್ದ ನೆನಪಾಗುತ್ತದೆ.

ಒಂದು ಕಲಂ ಮಾತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಂತೆಗೆ ಹೊರಟ ಕಾರ್ಮಿಕನನ್ನು ನಾಲ್ಕು ಹುಡುಗರು ದಾರಿಯಲ್ಲಿ ತಡೆದು ‘ಆಧಾರ್ ತೋರ್ಸು’ ಎನ್ನುವುದು ಈಗ ಹೊಸ ಶೌರ್ಯವಾಗಿದೆ. ಖಾಸಗಿಯವರಿಗೆ ಯಾರ ದಾಖಲೆ ಕೇಳುವ ಅಧಿಕಾರವೂ ಇಲ್ಲ. ದಾರಿ ತಡೆದದ್ದು ಅದೇ ನ್ಯಾಯ ಸಂಹಿತೆಯ ಕಲಂ 126, ಸಂಜ್ಞೇಯ ಅಪರಾಧ, ಎಫ್‌ಐಆರ್ ಆಗಲೇಬೇಕು. ದೂರು ಬರೆಯುವಾಗ ‘ಅವಮಾನ ಮಾಡಿದರು’ ಎಂದಷ್ಟೇ ಬರೆದು ‘ಮುಂದೆ ಹೋಗಲು ಬಿಡಲಿಲ್ಲ’ ಎಂಬುದನ್ನು ಬಿಟ್ಟರೆ ಎನ್‌ಸಿ (ಅಸಂಜ್ಞೇಯ ದೂರುಗಳ) ಪುಸ್ತಕದಲ್ಲಿ ಒಂದು ಸಾಲು ಬರೆದು ಕಳಿಸುತ್ತಾರೆ.

(ಜಾತಿ ಮತ್ತು ಜನಾಂಗವನ್ನು ಒಟ್ಟಿಗೆ ಯಾಕೆ ಹೇಳುತ್ತಿದ್ದೀರಿ ಎನ್ನುವವರಿದ್ದಾರೆ. ಜನಾಂಗೀಯ ತಾರತಮ್ಯದ ವಿರುದ್ಧ 1965ರಲ್ಲಿ ಆದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1968ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರಲ್ಲಿ ‘ವಂಶ’ದ ಕಾರಣದ ತಾರತಮ್ಯವೂ ಸೇರಿದೆ. ಜಾತಿ ಅದರೊಳಗೆ ಬರುತ್ತದೆ ಎಂದು ಆ ಒಪ್ಪಂದದ ಸಮಿತಿ 2002ರಲ್ಲಿ ಹೇಳಿತು, ಭಾರತ ಸರ್ಕಾರ ಒಪ್ಪುವುದಿಲ್ಲ. ವಾದ ಅಲ್ಲಿರಲಿ. ಪೇಪರ್ ಕಪ್ ಕೈಗೆ ಬಂದವನಿಗೆ ಎರಡೂ ಒಂದೇ ರುಚಿ.)

ಪೇಪರ್ ಕಪ್ಪಿನ ವಿಷಯ ಬಂತು. ಒಂದು ಕಾಲದಲ್ಲಿ ಬೇರೆ ಲೋಟವನ್ನು ಮಾಡಿನ ಸಂದಿಗೆ ಸಿಕ್ಕಿಸಿಡುತ್ತಿದ್ದರು, ಕಣ್ಣಿಗೆ ಕಾಣುತ್ತಿತ್ತು. ಈಗ ಉಳಿದವರಿಗೆ ಗಾಜಿನ ಲೋಟ, ಒಬ್ಬರಿಗೆ ಪೇಪರ್ ಕಪ್. ಕೇಳಿದರೆ ‘ಕ್ಲೀನ್ ಅಲ್ವಾ’ ಎಂಬ ಉತ್ತರ ಸಿದ್ಧ. ಹೋಟೆಲಿನ ಪಾತ್ರೆ ಬಳಸಲು ಬಿಡದಿರುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಕಲಂ 4ರಡಿ ಅಪರಾಧ. ಪರಿಶಿಷ್ಟ ಜಾತಿಯವರ ವಿರುದ್ಧ ನಡೆದದ್ದಾದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ಎಂದು ಕೋರ್ಟು ಮೊದಲೇ ಊಹಿಸುತ್ತದೆ, ಅಲ್ಲ ಎಂದು ತೋರಿಸುವ ಹೊಣೆ ಆರೋಪಿಯದು. ಆದರೆ ಅದೇ ಹೊತ್ತಿನಲ್ಲಿ, ಅದೇ ಅಂಗಡಿಯಲ್ಲಿ ಬೇರೆಯವರಿಗೆ ಲೋಟ ಕೊಟ್ಟರು ಎಂದು ಹೇಳುವವರು ಬೇಕು. ಅದನ್ನು ಹೇಳಬಲ್ಲವರು ಲೋಟ ಹಿಡಿದಿದ್ದವರೇ.

ಆ ಗಳಿಗೆಯಲ್ಲಿ ಏನು ಮಾಡಬೇಕು? ಬೈದವನ ಕಡೆಗಲ್ಲ, ಬೈಸಿಕೊಂಡವರ ಕಡೆ ತಿರುಗಿ. ‘ಬನ್ನಿ, ಇಲ್ಲಿ ಕೂತ್ಕೊಳ್ಳಿ’ ಎಂದು ಬೆಂಚಿನಲ್ಲಿ ಜಾಗ ಮಾಡಿಕೊಡಿ. ತಿರುಗಿ ಬೈದರೆ, ಕೊರಳಪಟ್ಟಿ ಹಿಡಿದರೆ ಘಟನೆಯ ಬಣ್ಣವೇ ಬದಲಾಗುತ್ತದೆ. ಸಂಜೆಯೊಳಗೆ ‘ಎರಡೂ ಕಡೆಯವರ ಗಲಾಟೆ’ ಎಂದು ಪ್ರತಿದೂರು ಬಿದ್ದಿರುತ್ತದೆ. ಬೈದವನಿಗೆ ಒಂದೆರಡು ಮಾತು ಸಾಕು, ನಂಟಿನ ಹೆಸರು ಹಿಡಿದೇ ಹೇಳಿ: ‘ಭಾವ, ಆ ಮಾತು ಬ್ಯಾಡ ಮಾರಾಯ. ನಾನು ಇಲ್ಲೇ ಕೂತಿದೀನಿ, ಕೇಳಿಸ್ಕಂಡಿದೀನಿ.’ ಇದರಲ್ಲಿ ಕೆಲಸ ಮಾಡುವುದು ಕೊನೆಯ ಮಾತು. ಸಾಕ್ಷಿ ಇದೆ ಎಂಬುದು ಅವನಿಗೂ ಗೊತ್ತಾಯಿತು, ಅಕ್ಕಪಕ್ಕದವರಿಗೂ ಗೊತ್ತಾಯಿತು. ಒಬ್ಬರು ಬಾಯಿಬಿಟ್ಟರೆ ಇನ್ನೊಬ್ಬರು ತಲೆಯಾಡಿಸುವುದು ಸುಲಭ.

ಆಮೇಲೆ ನೊಂದವರನ್ನು ಕೇಳಿ: ‘ಏನು ಮಾಡೋಣ ಅಂತೀರಿ?’ ಉತ್ಸಾಹದಲ್ಲಿ ಅವರನ್ನು ಎಳೆದುಕೊಂಡು ಠಾಣೆಗೆ ಹೋಗಬೇಡಿ. ಅವರ ಬಾಕಿ ಕೂಲಿ, ಇರುವ ಲೈನ್ ಮನೆ ಬೈದವನ ಕೈಯಲ್ಲೇ ಇರಬಹುದು. ನಿಮ್ಮ ಧೈರ್ಯದ ಬೆಲೆಯನ್ನು ಅವರಿಂದ ಕಟ್ಟಿಸಬಾರದು.

ಅದೇ ದಿನ ಸಂಜೆ, ದೀಪ ಆರಿಸುವ ಮುಂಚೆ, ಒಂದು ಹಾಳೆಯಲ್ಲಿ ಬರೆದಿಡಿ. ತಾರೀಖು, ಹೊತ್ತು, ಯಾರು ಎಲ್ಲಿ ಕೂತಿದ್ದರು, ನಿಮಗೂ ಬೈದವನಿಗೂ ಎಷ್ಟು ಮಾರು ದೂರ, ಮಳೆ ಬರುತ್ತಿತ್ತೇ. ಮಳೆಯ ಮಾತು ತಮಾಷೆಯಲ್ಲ: ಪಾಟಿ ಸವಾಲಿನಲ್ಲಿ ‘ತಗಡಿನ ಮಾಡಿನ ಮೇಲೆ ಜುಲೈ ಮಳೆ ಹೊಡೆಯುವಾಗ ನಿಮಗೆ ಹೇಗೆ ಕೇಳಿಸಿತು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇನ್ನು ಆಡಿದ ಮಾತು ಅಕ್ಷರಶಃ ಬೇಕು. ನಮ್ಮ ಕಡೆಯ ದೂರುಗಳನ್ನು ಕೊಲ್ಲುವ ವಾಕ್ಯ ಒಂದಿದೆ: ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’. ಯಾವ ಶಬ್ದ? ಜಾತಿಯ ಹೆಸರಿತ್ತೇ? ಬರೆಯಲು ನಾಚಿಕೆಯಾಗುವ ಮಾತನ್ನೇ ಬರೆಯಬೇಕು. ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ತಕರಾರು ಇದ್ದದ್ದು ಗೇಣಿ ಅಳೆಯುವ ಕೊಳಗದ ಮೇಲೆ. ಅನ್ಯಾಯಕ್ಕೆ ಕೈಯಲ್ಲಿ ಹಿಡಿದು ತೋರಿಸುವ ಒಂದು ವಸ್ತುವಿತ್ತು. ನಿಂದನೆಯ ಕೇಸಿನಲ್ಲಿ ಆ ವಸ್ತು ಆಡಿದ ಮಾತೇ.

ಫೋನಿನಲ್ಲಿ ವಿಡಿಯೊ ಇದ್ದರೆ ಮೂಲ ಕಡತ ಆ ಫೋನಿನಲ್ಲೇ ಉಳಿಯಲಿ, ಕತ್ತರಿಸಬೇಡಿ. ವಾಟ್ಸಾಪಿನಲ್ಲಿ ಕಳಿಸಿದ್ದು ಕುಗ್ಗಿದ ನಕಲು. ಕೋರ್ಟಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು. ಗುಂಪಿಗೆ ಹರಿಬಿಟ್ಟರೆ ನೊಂದವರ ಅವಮಾನವೇ ಇನ್ನೊಂದು ಸಲ ಊರು ಸುತ್ತುತ್ತದೆ.

ಠಾಣೆಯಲ್ಲಿ ‘ಮೊದಲು ವಿಚಾರಿಸ್ತೀವಿ, ಆಮೇಲೆ ನೋಡೋಣ’ ಎಂದರೆ, ಅಟ್ರಾಸಿಟಿ ಕಾಯ್ದೆಗೆ 2018ರಲ್ಲಿ ಸೇರಿದ ಕಲಂ 18ಎ ನೆನಪಿಸಿ: ಎಫ್‌ಐಆರಿಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ತನಿಖೆ ಡಿವೈಎಸ್ಪಿಗಿಂತ ಕೆಳಗಿನವರು ಮಾಡುವಂತಿಲ್ಲ. ಕೆಳಗಿನವರು ಮಾಡಿದ ತನಿಖೆ ಅದೊಂದೇ ಕಾರಣಕ್ಕೆ ಪ್ರಶ್ನೆಗೆ ಒಳಗಾಗುತ್ತದೆ. ಸಹಾಯವಾಣಿ 14566, ಉಚಿತ ವಕೀಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, 15100. ಮರುದಿನ ದೇವಸ್ಥಾನದ ಕಟ್ಟೆಯ ಮೇಲೆ ರಾಜಿ ಪಂಚಾಯ್ತಿ ಸೇರುವುದು ಖಂಡಿತ. ಅಟ್ರಾಸಿಟಿ ಕಾಯ್ದೆಯ ಅಪರಾಧಗಳು ರಾಜಿಗೆ ಬರುವಂಥವಲ್ಲ, ಕಟ್ಟೆಯ ಮೇಲೆ ಬರೆಸಿಕೊಂಡ ಮುಚ್ಚಳಿಕೆಯಿಂದ ಕೇಸು ಮುಗಿಯುವುದಿಲ್ಲ.

ನಿಜವಾದ ಹೆದರಿಕೆ ಠಾಣೆಯದಲ್ಲ, ಮನೆಯದು. ಮಲೆನಾಡಿನಲ್ಲಿ ಒಂಟಿ ಮನೆಗಳು. ಮನೆಗೆ ಹೋಗುವ ದಾರಿ ಇನ್ನೊಬ್ಬರ ತೋಟದ ಅಂಚಿನಲ್ಲಿ, ಗದ್ದೆಗೆ ನೀರು ಮೇಲಿನವರ ಬದುವಿನಿಂದ, ಕೊಯ್ಲಿಗೆ ಮುಯ್ಯಾಳು, ಅಂದರೆ ಕೆಲಸಕ್ಕೆ ಕೆಲಸ ಮರಳಿಸುವ ನೆರೆಯವರು. ‘ಆ ಮನೆ ಕೆಲಸಕ್ಕೆ ಯಾರೂ ಹೋಗಬಾರದು’ ಎಂದು ಬಾಯಿಮಾತಲ್ಲಿ ಹೇಳಿದರೂ ಸಾಕು, ಕೊಯ್ಲು ಹದಿನೈದು ದಿನ ತಡವಾಗಿ ಅಡಿಕೆ ಹಣ್ಣಾಗಿ, ಬೇಯಿಸಿ ಕೆಂಪಡಿಕೆ ಮಾಡುವ ಹದ ತಪ್ಪುತ್ತದೆ. ಸಾಕ್ಷಿ ಉಲ್ಟಾ ಹೊಡೆಯುವುದು ಇಂಥ ಲೆಕ್ಕಕ್ಕೆ.

ಸ್ವಂತ ಸಮುದಾಯದವರೇ ದೂರ ಇಟ್ಟರೆ 1955ರ ಕಾಯ್ದೆಯಲ್ಲಿ ಒಂದು ಉಪಕಲಂ ಇದೆ, 7(2). ಅಸ್ಪೃಶ್ಯತೆ ಆಚರಿಸಲು ಒಪ್ಪದ, ಅಥವಾ ಈ ಕಾಯ್ದೆಯ ಉದ್ದೇಶಕ್ಕೆ ನೆರವಾದ ತಮ್ಮವನನ್ನು ಸಮುದಾಯದ ಹಕ್ಕುಗಳಿಂದ ದೂರವಿಟ್ಟರೆ, ಬಹಿಷ್ಕಾರದಲ್ಲಿ ಪಾಲು ತೆಗೆದುಕೊಂಡರೆ 1ರಿಂದ 6 ತಿಂಗಳ ಜೈಲು, 100ರಿಂದ 500 ರೂಪಾಯಿ ದಂಡ. ದಂಡ ಈ ಕಾಲಕ್ಕೆ ನಗೆ ತರಿಸುತ್ತದೆ, ಜೈಲಿನ ಮಾತು ತರಿಸುವುದಿಲ್ಲ. ದಲಿತರ ಪರವಾಗಿ ನಿಂತ ಮೇಲ್ಜಾತಿಯವನಿಗೆಂದೇ ಇರುವ ರಕ್ಷಣೆ ಇದು. ಬಳಸಿದವರು ತೀರಾ ಕಡಿಮೆ. ಅಸ್ಸಾಮಿನ ಕಾರ್ಮಿಕನ ಪರ ನಿಂತವನಿಗೆ ಇದು ಸಿಗುವುದಿಲ್ಲ, ಏಕೆಂದರೆ ಅಲ್ಲಿ ಅಸ್ಪೃಶ್ಯತೆಯ ಪ್ರಶ್ನೆ ಇಲ್ಲ.

ಬೆದರಿಕೆ ಬಂದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಬಹುದು. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು ಆ ಸಮಿತಿಯ ಅಧ್ಯಕ್ಷರು, ಬೆದರಿಕೆಯ ವರದಿಯನ್ನು ಪೊಲೀಸರು 5 ಕೆಲಸದ ದಿನಗಳಲ್ಲಿ ಕೊಡಬೇಕು. ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ನಿಮ್ಮ ಸಹಿ ಇರುವುದಿಲ್ಲ, ಅಲ್ಲಿಂದ ಜಾರುವುದು ಸುಲಭ, ಜಾರಿಸುವುದೂ ಸುಲಭ. ಅದಕ್ಕೇ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 183ರಡಿ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಮಾಡಿಸಿ ಎಂದು ತನಿಖಾಧಿಕಾರಿಗೆ ಬರಹದಲ್ಲಿ ಕೇಳಿ. ಪ್ರಮಾಣ ಮಾಡಿ ಹೇಳಿದ್ದನ್ನು ಬದಲಿಸಿದರೆ ಸುಳ್ಳುಸಾಕ್ಷಿಯ ಕೇಸು ತಲೆಗೆ ಬರಬಹುದು. ಇದನ್ನು ಹೆದರಿಕೆ ಎಂದು ನೋಡುವವರೇ ಹೆಚ್ಚು. ಇದು ಗುರಾಣಿಯೂ ಹೌದು. ದೊಡ್ಡಪ್ಪ ಮನೆಗೆ ಬಂದು ‘ಬಿಟ್ಬಿಡೋ ತಮ್ಮಾ’ ಎಂದಾಗ, ‘ಜಡ್ಜ್ ಮುಂದೆ ಹೇಳಿಯಾಗಿದೆ ದೊಡ್ಡಪ್ಪ, ಇನ್ನು ಬದಲಿಸಿದ್ರೆ ನಾನೇ ಒಳಗೆ ಹೋಗ್ತೀನಿ’ ಎನ್ನಬಹುದು. ಸಂಬಂಧ ಕೆಡದ ಉತ್ತರ ಅದು.

ಸಮನ್ಸ್ ಬಂದಾಗ, ಘಟನೆಯ ಸಂಜೆ ಬರೆದಿಟ್ಟ ಆ ಹಾಳೆಯನ್ನು ಒಮ್ಮೆ ಓದಿಕೊಂಡು ಹೋಗಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ನೊಂದವರ ಮೇಲಿನ ಪ್ರೀತಿಗೆ ಒಂದು ಮಾತು ಸೇರಿಸಿದರೆ ಎಲ್ಲ ಮಾತೂ ಬಿದ್ದುಹೋಗುತ್ತವೆ. ಅಟ್ರಾಸಿಟಿ ಕೇಸಿನ ಸಾಕ್ಷಿಗೆ ಆ ಕಾಯ್ದೆಯಡಿ 1995ರಲ್ಲಿ ಆದ ನಿಯಮಗಳ ಪೈಕಿ ನಿಯಮ 11ರ ಪ್ರಕಾರ ಪ್ರಯಾಣದ ಖರ್ಚು, ದಿನದ ಭತ್ಯೆ ಸಿಗುತ್ತದೆ, ಹೆಚ್ಚೆಂದರೆ 3 ದಿನದೊಳಗೆ ಕೊಡಬೇಕು. ಹೊಸನಗರದಿಂದ ಶಿವಮೊಗ್ಗಕ್ಕೆ ಬಂದ ಬಸ್ ಟಿಕೆಟನ್ನು ಇಳಿಯುವಾಗ ಎಸೆಯಬೇಡಿ.