ಹಾರ್ನ್‌ಬುಕ್: ಕಾನೂನು ಪುಸ್ತಕಕ್ಕೆ ಕೊಂಬಿನ ಹೆಸರೇಕೆ?

ಪ್ರಶ್ನೆ: ಅಮೆರಿಕದ ತೀರ್ಪುಗಳಲ್ಲಿ ‘ಹಾರ್ನ್‌ಬುಕ್ ಲಾ’ ಎಂಬ ಮಾತು ಬರುತ್ತದೆ. ಕಾನೂನಿಗೂ ಕೊಂಬಿಗೂ ಏನು ಸಂಬಂಧ? ಕನ್ನಡದಲ್ಲಿ ಏನನ್ನಬೇಕು?
– ಕಾನೂನು ವಿದ್ಯಾರ್ಥಿನಿ, ತುಮಕೂರು

ಉತ್ತರ: ‘ಹಾರ್ನ್‌ಬುಕ್ ಲಾ’ ಅಂದರೆ ಯಾರೂ ತಕರಾರು ಮಾಡದ, ಕಾನೂನಿನ ಮೊದಲ ಪಾಠದಂಥ ತತ್ವ. ಇಲ್ಲಿನ ಕೊಂಬು ನಿಜವಾದ ಕೊಂಬೇ. ಇಂಗ್ಲೆಂಡಿನಲ್ಲಿ ಸುಮಾರು 15ರಿಂದ 18ನೇ ಶತಮಾನದವರೆಗೆ ಅಕ್ಷರ ಕಲಿಯುವ ಮಕ್ಕಳ ಕೈಗೆ ಹಿಡಿಯಿದ್ದ ಪುಟ್ಟ ಮರದ ಹಲಗೆ ಕೊಡುತ್ತಿದ್ದರು. ನೋಡಲು ಕೈಗನ್ನಡಿಯಂತೆ. ಅದರ ಮೇಲೆ ಒಂದೇ ಒಂದು ಹಾಳೆ: ಮೊದಲಿಗೆ ಶಿಲುಬೆಯ ಗುರುತು, ಆಮೇಲೆ ಅಕ್ಷರಮಾಲೆ, ನಮ್ಮ ಕಾಗುಣಿತದ ಹಾಗೆ ‘ಅಬ್, ಎಬ್, ಇಬ್’, ಕೊನೆಗೆ ಕ್ರೈಸ್ತರ ಪ್ರಾರ್ಥನೆ. ಕಾಗದ ದುಬಾರಿ, ಮಕ್ಕಳ ಕೈಯೋ ಕೊಳೆ. ಹಾಗಾಗಿ ಹಾಳೆಯ ಮೇಲೆ ಪಾರದರ್ಶಕವಾದ ಕೊಂಬಿನ ತೆಳುಪದರ ಹೊದಿಸಿ, ಅಂಚಿಗೆ ಹಿತ್ತಾಳೆ ಪಟ್ಟಿಯಿಟ್ಟು ಸಣ್ಣ ಮೊಳೆ ಹೊಡೆಯುತ್ತಿದ್ದರು. ಅದೇ ಹಾರ್ನ್‌ಬುಕ್, ಅಂದರೆ ಕೊಂಬಿನ ಪುಸ್ತಕ.

ಕೊಂಬು ಹಾಳೆಯಾಗುವುದು ಹೇಗೆ? ನೀರಲ್ಲಿ ನೆನೆಸಿದರೆ ಒಳಗಿನ ಮೂಳೆ ಸಡಿಲವಾಗಿ ಕಳಚುತ್ತದೆ. ಉಳಿದ ಚಿಪ್ಪು ನಮ್ಮ ಉಗುರಿನದೇ ವಸ್ತು, ಕಾಯಿಸಿದರೆ ಮೆತ್ತಗಾಗುತ್ತದೆ. ಅದನ್ನು ಸೀಳಿ, ಒತ್ತಿ ಚಪ್ಪಟೆ ಮಾಡಿ, ಪದರ ಬಿಡಿಸಿ ಹೆರೆಯಬೇಕು. ದಪ್ಪ ಉಳಿದರೆ ಮಬ್ಬಾಗಿ ಅಕ್ಷರ ಕಾಣದು. ಅತಿಯಾಗಿ ಕಾಯಿಸಿದರೆ ಪೆಡಸಾಗಿ ಒಡೆಯುತ್ತದೆ. ಗಾಜಿನ ಬದಲು ಲಾಂದ್ರಕ್ಕೂ ಇದನ್ನೇ ಹಾಕುತ್ತಿದ್ದರು.

ಹಲಗೆ ಮರೆಯಾದರೂ ಹೆಸರು ಉಳಿದು, ‘ಮೊದಲ ಪಾಠದ ಪುಸ್ತಕ’ ಎಂಬ ಅರ್ಥ ನಿಂತಿತು. ಅಮೆರಿಕದ ವೆಸ್ಟ್ ಪಬ್ಲಿಷಿಂಗ್ ಕಂಪನಿ 19ನೇ ಶತಮಾನದ ಕೊನೆಯಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಸಂಪುಟದಂತೆ ಕಾನೂನಿನ ‘ಹಾರ್ನ್‌ಬುಕ್’ ಮಾಲೆ ತಂದಿತು. ಅವುಗಳಲ್ಲಿ ತತ್ವ ದಪ್ಪಕ್ಷರದಲ್ಲಿ, ಕೆಳಗೆ ವಿವರಣೆ. ಇದನ್ನು ‘ಕೇಸ್‌ಬುಕ್’ ಜೊತೆ ಕಲಸಬೇಡಿ. ಅಲ್ಲಿರುವುದು ಆಯ್ದ ತೀರ್ಪುಗಳು, ತತ್ವವನ್ನು ಓದುಗರೇ ಹೆಕ್ಕಿಕೊಳ್ಳಬೇಕು. ಇನ್ನು ನಮ್ಮ ‘ಬೇರ್ ಆಕ್ಟ್’ ಅಂದರೆ ವಿವರಣೆಯೇ ಇಲ್ಲದ ಕಾಯ್ದೆಯ ಪಠ್ಯ. ತುಮಕೂರಿನ ನ್ಯಾಯಾಲಯದಲ್ಲಿ ವಾದಕ್ಕೆ ಆಧಾರ ಕಾಯ್ದೆಯ ಸೆಕ್ಷನ್ ಮತ್ತು ಮೇಲಿನ ನ್ಯಾಯಾಲಯಗಳ ತೀರ್ಪು. ಹಾರ್ನ್‌ಬುಕ್ ಏನಿದ್ದರೂ ತಿಳಿವಳಿಕೆಗೆ.

ವಸ್ತುವಿನ ಹೆಸರು ಕಚೇರಿ ಸೇರಿದ್ದು ನಮ್ಮಲ್ಲೂ ಉಂಟು. ಹುಣಸೆಬೀಜದ ಸರಿಗೆ ಇದ್ದಿಲು ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಹೊತ್ತಗೆಯೇ ಕಡತ. ಇಂದು ತಾಲ್ಲೂಕು ಕಚೇರಿಯಲ್ಲಿ ‘ಕಡತ ಸಿಗುತ್ತಿಲ್ಲ’ ಅನ್ನುವಾಗ ಅದರಲ್ಲಿ ಬಟ್ಟೆಯೂ ಇಲ್ಲ, ಹುಣಸೆಬೀಜವೂ ಇಲ್ಲ.

‘ಕೊಂಬಿನ ಕಾನೂನು’ ಎಂದು ಅನುವಾದಿಸಿದರೆ ಯಾರಿಗೂ ತಿಳಿಯದು. ಪುಸ್ತಕಕ್ಕೆ ‘ಕಾನೂನು ಪ್ರವೇಶಿಕೆ’ ಅನ್ನಬಹುದು. ತೀರ್ಪಿನ ಮಾತಿಗೆ ನಮ್ಮ ಆಯ್ಕೆ ‘ಇದು ಕಾನೂನಿನ ಓನಾಮ’. ‘ಓಂ ನಮಃ’ ಎಂಬುದೇ ಸವೆದು ಓನಾಮ ಆದದ್ದು. ಅಲ್ಲಿ ಅಕ್ಷರಕ್ಕೆ ಮುಂಚೆ ಶಿಲುಬೆ, ಇಲ್ಲಿ ಓಂಕಾರ.